ಕೆಲಸ ಮುಗಿಯುವ ಹೊತ್ತು

ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳ ಮನೆಗಳಲ್ಲಿ ಒಂದು ಹುಡುಕಾಟ ವರ್ಷವಿಡೀ ನಡೆದೇ ಇರುತ್ತದೆ. ತಾಯಿಯ 26 ವಾರಗಳ ಹೆರಿಗೆ ರಜೆ ಮುಗಿಯುತ್ತ ಬಂತು, ಮಗುವನ್ನು ನೋಡಿಕೊಳ್ಳುವವರಿಲ್ಲ. ಊರಿನಿಂದ ಬಂದ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಾರೆ, ಎಬ್ಬಿಸಿ ಕೂರಿಸಲು ಒಬ್ಬರು ಬೇಕು. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಮನೆ ಬಿಟ್ಟರೆ ಮರಳುವುದು ದೀಪ ಹಚ್ಚಿ ಎಷ್ಟೋ ಹೊತ್ತಾದ ಮೇಲೆ. ದಿನಕ್ಕೊಂದು ಗಂಟೆ ಬಂದು ಮುಸುರೆ ತೊಳೆದು ನೆಲ ಒರೆಸಿ ಹೋಗುವವರಿಂದ ಇಂಥ ಮನೆಗಳ ಕಷ್ಟ ತೀರದು. ಮನೆಯಲ್ಲೇ ಉಳಿಯುವವರು ಬೇಕು. ನೆಂಟರಿಗೆ, ಅಪಾರ್ಟ್‌ಮೆಂಟಿನ ವಾಚ್‌ಮನ್‌ಗೆ, ಏಜೆನ್ಸಿಗೆ ಹೇಳಿಡುತ್ತಾರೆ. ಯಾದಗಿರಿ, ರಾಯಚೂರಿನ ಕಡೆಯಿಂದಲೋ, ಇನ್ನೂ ದೂರದ ಒಡಿಶಾ, ಜಾರ್ಖಂಡ್, ಅಸ್ಸಾಮಿನಿಂದಲೋ ಒಬ್ಬ ಹೆಣ್ಣುಮಗಳು ಚೀಲ ಹಿಡಿದು ಬರುತ್ತಾಳೆ. ಬರುವ ಮುಂಚೆ ಮನೆಯವರು ಆಕೆಯ ಬಗ್ಗೆ ನೂರು ವಿಚಾರಿಸಿರುತ್ತಾರೆ. ಅಡುಗೆ ಬರುತ್ತದೆಯೇ, ಶುಚಿಯಾಗಿರುತ್ತಾಳೆಯೇ, ಮದುವೆಯಾಗಿದೆಯೇ, ನಡುವೆ ಬಿಟ್ಟು ಹೋಗುವವಳೇ. ತಮ್ಮ ಮನೆಯ ಬಗ್ಗೆ ಮಾತ್ರ ಒಂದೂ ಕೇಳಿಕೊಂಡಿರುವುದಿಲ್ಲ. ಇವತ್ತು ನಾನು ಅಂಥ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ: ನಮ್ಮ ಮನೆಯಲ್ಲಿ ಆಕೆಯ ಕೆಲಸ ದಿನಕ್ಕೆ ಎಷ್ಟು ಹೊತ್ತಿಗೆ ಮುಗಿಯುತ್ತದೆ? ಆಕೆ ಬರುವ ಮುಂಚೆ ಇದಕ್ಕೆ ಉತ್ತರ ಸಿದ್ಧವಿಲ್ಲದ ಮನೆ ಆಕೆಯನ್ನು ಕರೆಸಿಕೊಳ್ಳಲು ಸಿದ್ಧವಾಗಿಲ್ಲ ಎಂಬುದು ನನ್ನ ವಾದ.

ಬಂದು ಹೋಗುವ ಕೆಲಸದವರಿಗೆ ಗೇಟು ಎನ್ನುವುದೊಂದಿದೆ. ಅದನ್ನು ದಾಟಿದರೆ ಅಂದಿನ ಮಟ್ಟಿಗೆ ಆ ಮನೆಯ ಋಣ ಮುಗಿಯಿತು. ಮನೆಯಲ್ಲೇ ಉಳಿಯುವವರಿಗೆ ಆ ಗೇಟಿಲ್ಲ. ದುಡಿಯುವ ಜಾಗವೂ ಮಲಗುವ ಜಾಗವೂ ಒಂದೇ. ಹಾಲಿನವನು ಬರುವ ಐದೂವರೆಗೆ ಏಳುವುದು, ಕಾಫಿ, ತಿಂಡಿ, ಮಕ್ಕಳ ಡಬ್ಬಿ, ಅಜ್ಜಿಯ ಸ್ನಾನ, ಬಟ್ಟೆ ಒಗೆದು ಹರಡುವುದು, ಮಧ್ಯಾಹ್ನದ ಅಡುಗೆ, ಮಗುವಿಗೆ ಉಣಿಸಿ ಮಲಗಿಸುವುದು, ಸಂಜೆಯ ಟೀ, ರಾತ್ರಿಯ ಸಾರು, ಚಪಾತಿ, ಕಡೆಗೆ ಮೊಸರಿಗೆ ಹೆಪ್ಪು ಹಾಕಿ ಕಟ್ಟೆ ಒರೆಸುವ ಹೊತ್ತಿಗೆ ಹತ್ತೂವರೆ. ಐದೂವರೆಯಿಂದ ಹತ್ತೂವರೆಗೆ 17 ಗಂಟೆ. ನಡುವೆ ಮೂರು ಗಂಟೆ ಬಿಡುವಿತ್ತು ಎಂದೇ ಇಟ್ಟುಕೊಳ್ಳೋಣ, ಆದರೂ 14 ಗಂಟೆ. ಆ ಮೂರು ಗಂಟೆಯಾದರೂ ಆಕೆಯದೇ? ಕಾಲಿಂಗ್ ಬೆಲ್ ಆದರೆ ಎದ್ದು ಬಾಗಿಲು ತೆಗೆಯಬೇಕು, ಕೊರಿಯರ್ ತೆಗೆದುಕೊಳ್ಳಬೇಕು, ಮಗು ಅತ್ತರೆ ಎತ್ತಿಕೊಳ್ಳಬೇಕು. ಯಾರೂ ಹಟ ಹಿಡಿದು ಆಕೆಯನ್ನು ಹೀಗೆ ದುಡಿಸುತ್ತಿಲ್ಲ. ಕೆಲಸ ಇಲ್ಲಿಗೆ ಮುಗಿಯಿತು ಎಂದು ಹೇಳುವ ಗೆರೆಯೊಂದನ್ನು ಯಾರೂ ಎಳೆದಿರುವುದಿಲ್ಲ, ಅಷ್ಟೆ.

ಆ ಗೆರೆ ಇಲ್ಲದಿದ್ದರೆ ಸಂಬಳದ ಲೆಕ್ಕವೂ ತಪ್ಪುತ್ತದೆ. ಉದಾಹರಣೆಗೆ ತಿಂಗಳಿಗೆ 18,000 ರೂಪಾಯಿ ಎಂದು ಮಾತಾಗಿದೆ ಎನ್ನಿ. ದಿನಕ್ಕೆ 8 ಗಂಟೆಯಂತೆ 26 ದಿನಕ್ಕೆ 208 ಗಂಟೆ. ಗಂಟೆಗೆ ಸುಮಾರು 86 ರೂಪಾಯಿ ಬಿತ್ತು. ಅದೇ ಹಣಕ್ಕೆ ದಿನಕ್ಕೆ 14 ಗಂಟೆಯಂತೆ 30 ದಿನವೂ ದುಡಿದರೆ 420 ಗಂಟೆ, ಗಂಟೆಗೆ 43 ರೂಪಾಯಿಯೂ ಇಲ್ಲ. ಕೊಟ್ಟವರು 18,000 ಕೊಟ್ಟೆವೆಂದು ತೃಪ್ತಿಯಿಂದಿರುತ್ತಾರೆ. ಕೂಲಿ ಅರ್ಧಕ್ಕಿಳಿದದ್ದು ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. 1982ರಲ್ಲಿ ದೆಹಲಿಯ ಏಷ್ಯಾಡ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತನ್ನು ಇಲ್ಲಿ ನೆನೆಯಬೇಕು. ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಗೆ ಸಮ ಎಂದಿತು ಆ ತೀರ್ಪು. ಹಸಿವಿನ ಒತ್ತಡಕ್ಕೆ ಒಪ್ಪಿಕೊಂಡದ್ದನ್ನು ಸ್ವಇಚ್ಛೆ ಎಂದು ಎಣಿಸಲಿಲ್ಲ. ಮನೆಗೆಲಸಕ್ಕೂ ಕನಿಷ್ಠ ವೇತನ ಇರಬೇಕೆಂದು ಆದೇಶ ಹೊರಡಿಸಿದ ಮೊದಲ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. 2004ರಷ್ಟು ಹಿಂದೆಯೇ ದರ ನಿಗದಿಯಾಗಿತ್ತು. ಈಗ ಜಾರಿಯಲ್ಲಿರುವ ದರವನ್ನು ಕಾರ್ಮಿಕ ಇಲಾಖೆಯಲ್ಲಿ ಕೇಳಿ ತಿಳಿದುಕೊಂಡು ಆಮೇಲೆ ಸಂಬಳದ ಮಾತಿಗೆ ಕೂರುವುದು ಸರಿಯಾದ ಕ್ರಮ. ಪಕ್ಕದ ಮನೆಯವರು ಎಷ್ಟು ಕೊಡುತ್ತಾರೆ ಎನ್ನುವುದು ಅಳತೆಗೋಲಾಗಬಾರದು.

ಹೊತ್ತಿನ ಲೆಕ್ಕ ನಮಗೆ ಏಕೆ ಹೊಳೆಯುವುದಿಲ್ಲ? 1948ರ ಕಾರ್ಖಾನೆ ಕಾಯಿದೆ ವಾರಕ್ಕೆ 48 ಗಂಟೆ ಮತ್ತು ಒಂದು ದಿನದ ರಜೆ ಎಂದು ಮಿತಿ ಹಾಕಿತು. ಕಾರ್ಖಾನೆಯ ಸೈರನ್ ಕೇಳಿ ಬೆಳೆದ ಊರುಗಳಲ್ಲಿ ಪಾಳಿ ಮುಗಿಯುವುದೆಂದರೇನು ಎಂದು ಎಲ್ಲರಿಗೂ ಗೊತ್ತು. ಮನೆಯೊಳಗೆ ಮಾತ್ರ ಪಾಳಿಯೆಂಬುದು ಎಂದೂ ಇರಲಿಲ್ಲ, ಏಕೆಂದರೆ ಅಲ್ಲಿ ದುಡಿಯುತ್ತಿದ್ದವರು ಅಮ್ಮ, ಅತ್ತೆ, ಸೊಸೆ. 2019ರಲ್ಲಿ ರಾಷ್ಟ್ರೀಯ ಅಂಕಿಅಂಶ ಕಚೇರಿ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆಂದೂ ಮಾಡುವ ಗಂಡಸರು 97 ನಿಮಿಷ ಕೊಡುತ್ತಾರೆಂದೂ ಕಂಡುಬಂತು. ಮಕ್ಕಳು, ಮುದುಕರು, ಕಾಯಿಲೆಯವರ ಆರೈಕೆಯ ಹೊತ್ತು ಇದಕ್ಕೆ ಹೊರತು. ಹತ್ತಿರ ಹತ್ತಿರ ಐದು ಗಂಟೆಯ ಆ ದುಡಿಮೆಗೆ ಮನೆಯಲ್ಲಿ ಯಾರೂ ಹೆಸರಿಟ್ಟಿಲ್ಲ, ಬೆಲೆ ಕಟ್ಟಿಲ್ಲ. ಸ್ವಂತ ಮನೆಯ ಹೆಂಗಸಿನ ಹೊತ್ತನ್ನು ಎಣಿಸದ ಸಂಸಾರ, ಹೊರಗಿನಿಂದ ಬಂದ ಹೆಂಗಸಿನ ಹೊತ್ತನ್ನು ಎಣಿಸಲು ಎಲ್ಲಿಂದ ಕಲಿಯಬೇಕು? ಆದ್ದರಿಂದ ಸಿದ್ಧತೆ ಇಲ್ಲಿಂದ ಶುರುವಾಗಲಿ. ಒಂದು ವಾರ ಮನೆಯಲ್ಲಿ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಒಂದು ಹಾಳೆಯಲ್ಲಿ ಬರೆದಿಡಿ. ಅದನ್ನೆಲ್ಲ ಕೂಡಿಸಿದರೆ ಎಂಟು ಗಂಟೆಯೊಳಗೆ ಒಬ್ಬರ ಕೈಯಲ್ಲಿ ಆಗುವಂಥದ್ದೇ ಎಂದು ತಿಳಿಯುತ್ತದೆ. ಆಗದಿದ್ದರೆ ಉಳಿದದ್ದನ್ನು ಮನೆಯವರು ಹಂಚಿಕೊಳ್ಳಬೇಕು. ತಟ್ಟೆ ತೊಳೆದಿಡುವುದು, ಹಾಸಿಗೆ ಸುತ್ತುವುದು, ಬಟ್ಟೆ ಮಡಚುವುದು ಮನೆಯ ಗಂಡಸರಿಗೂ ಬೆಳೆದ ಮಕ್ಕಳಿಗೂ ಬರದ ವಿದ್ಯೆಯೇನಲ್ಲ.

ಹೀಗೆ ಹೊತ್ತು ಗೊತ್ತುಮಾಡಿ ಕರಾರು ಬರೆದುಕೊಳ್ಳೋಣ ಎಂದರೆ ಕೇಳಿಬರುವ ಮೊದಲ ಆಕ್ಷೇಪ ಪ್ರೀತಿಯಿಂದಲೇ ಹುಟ್ಟಿದ್ದು: ಆಕೆಯನ್ನು ಮನೆಮಗಳ ಹಾಗೆ ನೋಡಿಕೊಳ್ಳುತ್ತೇವೆ, ಗಂಟೆ ಲೆಕ್ಕ, ಕರಾರು ಪತ್ರ ಎಲ್ಲ ಏಕೆ, ಅದರಿಂದ ಸಂಬಂಧ ಕೆಡುವುದಿಲ್ಲವೇ? ಈ ಮಾತಿನ ಹಿಂದಿನ ಮನಸ್ಸನ್ನು ನಾನು ಹಗುರವಾಗಿ ಕಾಣುವುದಿಲ್ಲ. ವರ್ಷಗಟ್ಟಲೆ ಜೊತೆಗಿದ್ದು ಮಕ್ಕಳನ್ನು ಎತ್ತಿ ಆಡಿಸಿದವರ ಮೇಲೆ ಮನೆಯವರಿಗೆ ನಿಜವಾದ ಅಂತಃಕರಣ ಇರುತ್ತದೆ. ಆದರೆ ಮನೆಮಗಳಿಗೆ ಇರುವುದು ಏನೇನು ಎಂದು ಯೋಚಿಸಿ. ಇವತ್ತು ತಲೆನೋವು, ಏಳಲಾರೆ ಎಂದು ಆಕೆ ಮುಸುಕೆಳೆದು ಮಲಗಬಹುದು. ಸಾರು ರುಚಿಯಿಲ್ಲ ಎನ್ನಬಹುದು. ಸಿಟ್ಟು ಮಾಡಿಕೊಂಡು ಮಾತು ಬಿಡಬಹುದು, ಗೆಳತಿಯ ಮನೆಗೆ ಹೋಗಿ ರಾತ್ರಿ ಉಳಿದು ಬರಬಹುದು. ಆಸ್ತಿಯಲ್ಲಿ ಪಾಲಿದೆ, ಮನೆಯ ತೀರ್ಮಾನಗಳಲ್ಲಿ ಮಾತಿದೆ. ಇವುಗಳಲ್ಲಿ ಒಂದೂ ಇಲ್ಲದೆ ಮನೆಮಗಳ ದುಡಿಮೆಯೊಂದು ಮಾತ್ರ ಬಂದರೆ ಆ ಮಾತು ಯಾರಿಗೆ ಲಾಭ? ಇನ್ನೂ ಒಂದಿದೆ. ಆಕೆಗೆ ತನ್ನದೇ ಮನೆಯಿದೆ. ಊರಿನಲ್ಲಿ ಅಜ್ಜಿಯ ಮಡಿಲಲ್ಲಿ ಬಿಟ್ಟು ಬಂದ ಮಗುವಿರಬಹುದು. ನಮ್ಮ ಮಗುವಿಗೆ ಆಕೆ ತುತ್ತಿಡುವಾಗ ಆ ಮಗುವಿಗೆ ಇನ್ನಾರೋ ತುತ್ತಿಡುತ್ತಿರುತ್ತಾರೆ. ಉಗಾದಿಗೋ ದೀಪಾವಳಿಗೋ ನಮ್ಮ ಮನೆಗೆ ನೆಂಟರು ಬರುವ ದಿನಗಳಲ್ಲೇ ಆಕೆಗೂ ಊರಿನ ಸೆಳೆತ. ಕರಾರಿನಲ್ಲಿ ವರ್ಷಕ್ಕೆ ಇಷ್ಟು ದಿನ ಸಂಬಳಸಹಿತ ರಜೆ, ಇಂಥ ಹಬ್ಬಕ್ಕೆ ಊರಿಗೆ ಎಂದು ಮೊದಲೇ ಬರೆದಿಟ್ಟರೆ ಆಕೆ ಪ್ರತಿ ಸಲವೂ ಬೇಡಿಕೊಳ್ಳಬೇಕಾಗಿ ಬರುವುದಿಲ್ಲ, ಮನೆಯವರಿಗೂ ಕಡೇ ಗಳಿಗೆಯ ಗಾಬರಿ ಇರುವುದಿಲ್ಲ. ಬರೆದಿಟ್ಟ ಮಾತಿನಿಂದ ಪ್ರೀತಿ ಬತ್ತಿದ್ದಿಲ್ಲ. ಬರೆಯದೆ ಬಿಟ್ಟ ಮಾತಿನಿಂದ ಹುಟ್ಟಿದ ಮನಸ್ತಾಪಗಳೇ ಹೆಚ್ಚು.

ಕರಾರಿನಲ್ಲಿ ಏನೇನು ಬರೆಯಬೇಕೆಂಬುದಕ್ಕೆ ಒಂದು ಮಾದರಿಯೂ ಇದೆ. 2011ರ ಜೂನ್ 16ರಂದು ಜಿನೀವಾದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮನೆಗೆಲಸದವರಿಗಾಗಿಯೇ 189ನೇ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ ಅದರ ಪರವಾಗಿ ಮತ ಹಾಕಿತು, ಆದರೆ ಇನ್ನೂ ಅನುಮೋದಿಸಿಲ್ಲ. ಹಾಗಾಗಿ ಅದು ನಮ್ಮಲ್ಲಿ ಕಾನೂನಲ್ಲ. ಆದರೂ ನಮ್ಮ ಮನೆಗೆ ಏನು ಸರಿ ಎಂದು ತಿಳಿಯಲು ಅದನ್ನು ಓದಿಕೊಳ್ಳಲು ಅಡ್ಡಿಯೇನಿದೆ? ವಾರಕ್ಕೊಮ್ಮೆ ಎಡೆಬಿಡದೆ 24 ಗಂಟೆಯ ವಿಶ್ರಾಂತಿ ಬೇಕು ಎನ್ನುತ್ತದೆ ಅದು. ರಜೆಯ ಹೊತ್ತಿನಲ್ಲಿ ಆಕೆ ಮನೆಯೊಳಗೇ ಇರಬೇಕೆಂದು ಒತ್ತಾಯಿಸುವಂತಿಲ್ಲ ಎನ್ನುತ್ತದೆ. ಕರೆದರೆ ಏಳಬೇಕೆಂದು ಕಾದಿರುವ ಹೊತ್ತನ್ನೂ ದೇಶದ ಕಾನೂನು ಗೊತ್ತುಮಾಡುವ ಮಟ್ಟಿಗೆ ಕೆಲಸದ ಹೊತ್ತೆಂದೇ ಎಣಿಸಬೇಕೆನ್ನುತ್ತದೆ. ಅದರ ಜೊತೆಗೇ ಬಂದ 201ನೇ ಶಿಫಾರಸು ವಸತಿಯ ವಿಷಯದಲ್ಲಿ ಇನ್ನಷ್ಟು ಸ್ಪಷ್ಟವಾಗಿದೆ: ಪ್ರತ್ಯೇಕವಾದ ಕೋಣೆ, ಗಾಳಿ ಬೆಳಕು, ತಕ್ಕ ಪೀಠೋಪಕರಣ, ಒಳ್ಳೆಯ ಶೌಚಾಲಯದ ಅನುಕೂಲ, ಬಾಗಿಲಿಗೆ ಬೀಗ, ಅದರ ಕೀಲಿ ಆಕೆಯ ಕೈಗೆ. ಈ ಕೀಲಿಯ ವಿಷಯವನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುತ್ತೇನೆ. ಕೆಲಸ ಮುಗಿಯುವ ಹೊತ್ತನ್ನು ಗೋಡೆಯ ಗಡಿಯಾರವೊಂದೇ ಕಾಯಲಾರದು. ಮುಚ್ಚಿಕೊಳ್ಳಬಹುದಾದ ಬಾಗಿಲು ಬೇಕು. ಹಾಲ್‌ನಲ್ಲಿ ಚಾಪೆ ಹಾಸಿ ಮಲಗುವವಳು ಮನೆಯವರ ಟಿವಿ ಆರುವ ತನಕ ಮಲಗುವಂತಿಲ್ಲ, ಮನೆಯ ಗಂಡಸರ ಮುಂದೆ ಸೆರಗು ಜಾರದಂತೆ ನಿದ್ದೆಯಲ್ಲೂ ಎಚ್ಚರ. 2013ರ ಲೈಂಗಿಕ ಕಿರುಕುಳ ತಡೆ ಕಾಯಿದೆ ಮನೆಯನ್ನೂ ಕೆಲಸದ ಸ್ಥಳವೆಂದೇ ಪರಿಗಣಿಸುತ್ತದೆ. ಮನೆಗೆಲಸದವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಆದರೆ ದೂರಿನ ತನಕ ಹೋಗದಂತೆ ಕಾಯುವುದು ಒಳಗಿನಿಂದ ಹಾಕಿಕೊಳ್ಳುವ ಒಂದು ಚಿಲಕ.

ನಮ್ಮದು ಎರಡು ಕೋಣೆಯ ಮನೆ, ನಮಗೇ ಜಾಗವಿಲ್ಲ, ಆಕೆಗೆ ಕೋಣೆ ಎಲ್ಲಿಂದ ತರೋಣ ಎಂಬುದು ಎರಡನೆಯ ಆಕ್ಷೇಪ. ಇದು ನಿಜವಾದ ಕಷ್ಟ. ದೊಡ್ಡ ಅಪಾರ್ಟ್‌ಮೆಂಟುಗಳಲ್ಲೂ ಸರ್ವೆಂಟ್ ರೂಮ್ ಎಂದು ಕಟ್ಟಿರುವುದು ಎಷ್ಟೋ ಕಡೆ ವಾಷಿಂಗ್ ಮೆಷಿನ್ ಪಕ್ಕದಲ್ಲಿ ಮಂಚ ಹಿಡಿಸಿದರೆ ಕಾಲಿಡಲು ಜಾಗವಿಲ್ಲದ ಗೂಡು. ಅಂಥಲ್ಲಿ ಅಜ್ಜಿಯ ಕೋಣೆಯನ್ನೇ ಹಂಚಿಕೊಳ್ಳುವ ಏರ್ಪಾಡು ಮಾಡಬಹುದು, ಆದರೆ ಬಟ್ಟೆ ಬದಲಿಸಲು, ಊರಿಗೆ ಫೋನ್ ಮಾಡಿ ಮಾತನಾಡಲು ದಿನದಲ್ಲಿ ಇಷ್ಟು ಹೊತ್ತು ಆಕೆಯೊಬ್ಬಳದೇ ಆಗುವ ಜಾಗ, ಬೀಗವಿರುವ ಒಂದು ಕಪಾಟು ಬೇಕೇ ಬೇಕು. ಅದೂ ಆಗದಿದ್ದರೆ ನಾನು ಕಟುವಾಗಿಯೇ ಹೇಳುತ್ತೇನೆ: ಆ ಮನೆ ಒಬ್ಬರನ್ನು ಉಳಿಸಿಕೊಳ್ಳುವ ಯೋಚನೆ ಬಿಡಬೇಕು. ಹತ್ತಿರದಲ್ಲೇ ಮನೆಯಿರುವ ಇಬ್ಬರನ್ನು, ಒಬ್ಬರು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ, ಇನ್ನೊಬ್ಬರು ಅಲ್ಲಿಂದ ರಾತ್ರಿಯವರೆಗೆ ಎಂದು ಗೊತ್ತುಮಾಡಿಕೊಳ್ಳುವುದು ಎಲ್ಲರಿಗೂ ಮೇಲು. ಹಾಸಿಗೆ ಹಿಡಿದ ಹಿರಿಯರಿರುವ ಮನೆಯ ಮಾತು ಬೇರೆಯೇ. ಅಲ್ಲಿ ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಹಗಲೆಲ್ಲ ಅಡುಗೆ ಮಾಡಿದವಳೇ ರಾತ್ರಿಯೂ ಏಳುತ್ತಾಳೆ ಎಂದುಕೊಂಡರೆ ಆಕೆಯೂ ಬೀಳುತ್ತಾಳೆ, ಅಜ್ಜಿಯ ಆರೈಕೆಯೂ ಕೆಡುತ್ತದೆ. ನಿದ್ದೆಗೆಟ್ಟವರ ಕೈಯಲ್ಲಿ ಮಾತ್ರೆಯ ಲೆಕ್ಕ ತಪ್ಪುವುದು ಎಷ್ಟು ಹೊತ್ತಿನ ಕೆಲಸ? ರಾತ್ರಿಯ ಆರೈಕೆಗೆ ಬೇರೊಬ್ಬರು, ಅಥವಾ ಮನೆಯವರ ಸರದಿ, ಅಥವಾ ರಾತ್ರಿ ಎದ್ದವರಿಗೆ ಮರುದಿನ ಹಗಲಿನ ವಿಶ್ರಾಂತಿ. ಈ ಮೂರರಲ್ಲೊಂದು ಮೊದಲೇ ಗೊತ್ತಾಗಿರಬೇಕು.

ಮೂರನೆಯ ಆಕ್ಷೇಪ ಭಯದ್ದು. ಅಪರಿಚಿತರನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತೇವೆ, ಚಿನ್ನವಿದೆ, ಮಗುವಿದೆ, ಎಚ್ಚರ ಬೇಡವೇ? ಬೇಕು. ಗುರುತಿನ ಚೀಟಿಯ ನಕಲು ಪಡೆಯುವುದು, ಪೊಲೀಸ್ ಪರಿಶೀಲನೆ ಮಾಡಿಸುವುದು ತಪ್ಪಲ್ಲ. ಆದರೆ ಎಚ್ಚರದ ಹೆಸರಿನಲ್ಲಿ ಮೂಲ ಆಧಾರ್ ಕಾರ್ಡನ್ನೋ ಫೋನನ್ನೋ ಇಟ್ಟುಕೊಳ್ಳುವುದು, ಹೊರಗೆ ಹೋಗುವಾಗ ಬಾಗಿಲಿಗೆ ಬೀಗ ಹಾಕಿ ಆಕೆಯನ್ನು ಒಳಗೆ ಬಿಟ್ಟು ಹೋಗುವುದು ಎಚ್ಚರವಲ್ಲ, ಸೆರೆ. ಬೆಂಕಿ ಬಿದ್ದರೆ ಮಗುವಿನೊಂದಿಗೆ ಆಕೆ ಓಡುವುದೆಲ್ಲಿಗೆ? ಡೆಹ್ರಾಡೂನಿನ ಮನೆಯೊಂದರಲ್ಲಿ ಕೆಲಸದ ಹೆಣ್ಣುಮಗಳನ್ನು ಕೂಡಿಹಾಕಿದ್ದರೆಂಬ ಪ್ರಕರಣದಲ್ಲಿ 2025ರ ಜನವರಿ 29ರಂದು ತೀರ್ಪು ಕೊಡುತ್ತ ಸುಪ್ರೀಂ ಕೋರ್ಟ್, ಮನೆಗೆಲಸದವರಿಗೆ ರಕ್ಷಣೆ ಕೊಡುವ ಕಾನೂನಿನ ಚೌಕಟ್ಟು ಬೇಕೇ ಎಂದು ಪರಿಶೀಲಿಸಲು ಸಮಿತಿ ರಚಿಸುವಂತೆ ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ಅಪರಿಚಿತರ ಮನೆಗೆ ಬರುವ ಭಯ ಆಕೆಗೂ ಇದೆ ಎಂಬುದನ್ನು ನಾವು ಮರೆಯುತ್ತೇವೆ. ನಾವು ಒಂದು ಮನೆತುಂಬ ಜನ, ಆಕೆ ಒಬ್ಬಳು, ಭಾಷೆಯೂ ಬರದಿರಬಹುದು. ಹಾಗಾಗಿ ಪರಿಚಯ ಎರಡೂ ಕಡೆಯಿಂದ ಆಗಬೇಕು. ನಮ್ಮ ವಿಳಾಸ, ಮನೆಯವರೆಲ್ಲರ ಹೆಸರು, ಎರಡು ಫೋನ್ ನಂಬರು ಆಕೆಯ ಊರಿನವರ ಕೈಗೆ ಹೋಗಲಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181 ಎಂಬ ನಂಬರುಗಳನ್ನು ಆಕೆಯ ಫೋನಿನಲ್ಲಿ ನಾವೇ ಹಾಕಿಕೊಡೋಣ. ಏಜೆನ್ಸಿಯ ಮೂಲಕ ಬಂದವರಾದರೆ ಕಮಿಷನ್ ಯಾರ ಗಂಟಿನಿಂದ ಹೋಗುತ್ತಿದೆ, ಸಂಬಳ ಆಕೆಯ ಖಾತೆಗೇ ಬೀಳುತ್ತದೆಯೇ ಎಂದು ಕೇಳದೆ ಬಿಡಬಾರದು. ವಯಸ್ಸಿನ ದಾಖಲೆ ನೋಡಬೇಕು. 14 ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕಿಟ್ಟುಕೊಳ್ಳುವುದು 2006ರ ಅಕ್ಟೋಬರ್ 10ರಿಂದಲೇ ಅಪರಾಧ. ಹದಿನೈದು ಹದಿನಾರರ ಹುಡುಗಿಯನ್ನೂ ಪರರ ಮನೆಯಲ್ಲಿ ಉಳಿಸಿ ದುಡಿಸುವುದನ್ನು ನಾನು ಒಪ್ಪಲಾರೆ. ಆ ವಯಸ್ಸು ಶಾಲೆಯದು.

ಮುಂಗಡದ ವಿಷಯವೂ ಈ ಸೆರೆಯ ಮಾತಿಗೇ ಅಂಟಿಕೊಂಡಿದೆ. ಮಗಳ ಮದುವೆಗೋ ಆಸ್ಪತ್ರೆಗೋ ಎಂದು ಆಕೆ ಅಡ್ವಾನ್ಸ್ ಕೇಳಬಹುದು, ಕೊಡುವುದು ಒಳ್ಳೆಯದೇ. ಆದರೆ ಹಣ ತೀರುವ ತನಕ ಬಿಟ್ಟು ಹೋಗುವಂತಿಲ್ಲ ಎಂಬ ಮಾತು ಅದರ ಜೊತೆ ಸೇರಿದ ಗಳಿಗೆಯಿಂದ ಅದು ಜೀತವಾಗುತ್ತದೆ. 1976ರ ಜೀತ ಪದ್ಧತಿ ನಿಷೇಧ ಕಾಯಿದೆ ಹೊಲಗದ್ದೆಗೆ ಮಾತ್ರ ಬಂದದ್ದಲ್ಲ. ಸಾಲವನ್ನು ಸಾಲವಾಗಿಯೇ ಬರೆದಿಟ್ಟು, ತಿಂಗಳಿಗಿಷ್ಟು ಎಂದು ಆಕೆ ತಡೆದುಕೊಳ್ಳುವಷ್ಟು ಮಾತ್ರ ಮುರಿದುಕೊಂಡು, ಹೋಗುವ ಬಾಗಿಲನ್ನು ಅದಕ್ಕೆ ಕಟ್ಟಿಹಾಕದಿರುವುದು ಧರ್ಮವೂ ಹೌದು, ಕಾನೂನೂ ಹೌದು.

ಇನ್ನು ಬರಮಾಡಿಕೊಳ್ಳುವ ಮಾತು. ನಮ್ಮ ಸಮಾಜದಲ್ಲಿ ಇದು ತಟ್ಟೆ ಲೋಟದಿಂದಲೇ ಶುರುವಾಗುತ್ತದೆ. ಎಷ್ಟೋ ಮನೆಗಳಲ್ಲಿ ಸಿಂಕಿನ ಕೆಳಗೆ ಕೆಲಸದವರ ಲೋಟವೆಂದು ಒಂದು ಬೇರೆಯೇ ಇರುತ್ತದೆ; ಕುರ್ಚಿ ಖಾಲಿಯಿದ್ದರೂ ನೆಲದ ಮೇಲೆ ಕೂರಬೇಕು; ಊಟ ಎಲ್ಲರದಾದ ಮೇಲೆ, ಉಳಿದದ್ದು, ಕೆಲವೊಮ್ಮೆ ನಿನ್ನೆಯದು. ಕೆಲವು ಅಪಾರ್ಟ್‌ಮೆಂಟುಗಳಲ್ಲಿ ಲಿಫ್ಟು ಕೂಡ ಬೇರೆ. ಶುಚಿತ್ವದ ಕಾರಣ ಎನ್ನುವವರಿದ್ದಾರೆ. ಆಕೆ ಕೈಯಾರೆ ಕಲಸಿದ ಹಿಟ್ಟಿನ ಚಪಾತಿ ಶುಚಿ, ಆಕೆ ತುಟಿಗಿಟ್ಟು ತೊಳೆದ ಲೋಟ ಅಶುಚಿ ಎನ್ನುವುದಕ್ಕೆ ಆರೋಗ್ಯಶಾಸ್ತ್ರದಲ್ಲಿ ಆಧಾರವಿಲ್ಲ, ಆಧಾರವಿರುವುದು ಜಾತಿಯಲ್ಲಿ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ಯಾವ ರೂಪದಲ್ಲೂ ಆಚರಿಸಕೂಡದೆಂದು ಹೇಳಿ ಮುಕ್ಕಾಲು ಶತಮಾನ ದಾಟಿತು. ಸಸ್ಯಾಹಾರಿ ಮನೆಯವರು ಅಡುಗೆಮನೆಯಲ್ಲಿ ಮಾಂಸ ಬೇಯಿಸಬೇಡಿ ಎಂದು ಕೆಲಸಕ್ಕೆ ಮುಂಚೆಯೇ ಹೇಳಲಿ, ಅದರಲ್ಲಿ ತಪ್ಪಿಲ್ಲ. ಆದರೆ ರಜೆಯ ದಿನ ಹೊರಗೆ ಆಕೆ ಏನು ತಿಂದಳೆಂದು ವಿಚಾರಿಸುವ ಹಕ್ಕು ನಮಗಿಲ್ಲ. ರೊಟ್ಟಿ ಉಂಡು ಬೆಳೆದವರಿಗೆ ಮೂರು ಹೊತ್ತೂ ಅನ್ನ ಹಾಕಿದರೆ ಹೊಟ್ಟೆ ತುಂಬಿದರೂ ಊಟವಾದಂತೆ ಆಗುವುದಿಲ್ಲ. ತಿಂಗಳ ದಿನಸಿಯ ಚೀಟಿಯಲ್ಲಿ ಆಕೆಗೆ ಬೇಕಾದದ್ದೂ ಎರಡಿರಲಿ. ಮಕ್ಕಳಿಗೆ ಮೊದಲೇ ತಿಳಿಸಿ, ಹೆಸರು ಹಿಡಿದು ಏಕವಚನದಲ್ಲಿ ಕೂಗದೆ ಅಕ್ಕ ಎಂದೋ ಚಿಕ್ಕಮ್ಮ ಎಂದೋ ಕರೆಯುವುದನ್ನು ಕಲಿಸಿ. ಬಂದ ಮೊದಲ ದಿನ ಕೆಲಸ ಹೇಳಬೇಡಿ. ದೂರದ ರೈಲಿನಲ್ಲಿ ಬಂದವರು ಸ್ನಾನ ಮಾಡಿ ಉಂಡು ಮಲಗಲಿ. ಮರುದಿನ ಗೀಸರ್, ಗ್ಯಾಸ್, ಕುಕ್ಕರ್ ಬಳಸುವ ಬಗೆ ತೋರಿಸುವ ಜೊತೆಗೆ ಬಸ್ ಸ್ಟಾಪು, ಔಷಧಿ ಅಂಗಡಿ, ಗುಡಿಯೋ ಚರ್ಚೋ ಮಸೀದಿಯೋ ಎಲ್ಲಿದೆಯೆಂದೂ ತೋರಿಸಬೇಕು, ಏಕೆಂದರೆ ದಾರಿ ಗೊತ್ತಿಲ್ಲದವರಿಗೆ ವಾರದ ರಜೆ ಕೊಟ್ಟೂ ಕೊಡದಂತೆ.

ಇಷ್ಟೆಲ್ಲ ಮಾಡಲು ನಾವು ಸಿರಿವಂತರಲ್ಲ, ಮಧ್ಯಮ ವರ್ಗದವರು ಎಂಬ ಮಾತು ಕಡೆಯದು. ಇದರಲ್ಲಿ ಹುರುಳಿದೆ. ಕೂಸಿನ ಮನೆ, ಹಿರಿಯರ ಹಗಲು ಆರೈಕೆ ಕೇಂದ್ರಗಳು ಬಡಾವಣೆಗೊಂದರಂತೆ ಇದ್ದಿದ್ದರೆ ಈ ಭಾರವೆಲ್ಲ ಒಂದೊಂದು ಮನೆಯ ಮೇಲೆ ಬೀಳುತ್ತಿರಲಿಲ್ಲ, ಅದನ್ನು ಸರ್ಕಾರದಿಂದ ಕೇಳಿ ಪಡೆಯಲೇಬೇಕು. ಆದರೆ ಅದು ಆಗುವ ತನಕ ಆ ಕೊರತೆಯನ್ನು ತುಂಬುವವರು ಆ ಮನೆಗಿಂತ ಬಡವರಾದ ಹೆಂಗಸರು, ತಮ್ಮ ನಿದ್ದೆಯಿಂದ ಮತ್ತು ಭಾನುವಾರದಿಂದ. ನಾನು ಹೇಳಿದವುಗಳಲ್ಲಿ ಹೆಚ್ಚಿನವಕ್ಕೆ ಹಣ ಬೇಡ. ಬಾಗಿಲಿನ ಚಿಲಕಕ್ಕೆ, ಬರೆದಿಟ್ಟ ಹಾಳೆಗೆ, ರಾತ್ರಿ ಎಂಟರ ಮೇಲೆ ಕರೆಯದಿರುವುದಕ್ಕೆ ಖರ್ಚೇನು? ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ ಸಿಗುತ್ತದೆ. ಅಸಂಘಟಿತ ಕಾರ್ಮಿಕರಿಗಾಗಿ 2021ರಲ್ಲಿ ಶುರುವಾದ ಇ-ಶ್ರಮ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸುವುದು ಉಚಿತ. ಆಕೆಯ ಜೊತೆ ಒಂದು ಮಧ್ಯಾಹ್ನ ಕೂತರೆ ಎರಡೂ ಆಗುತ್ತವೆ. ಹಣ ಬೇಕಾಗುವುದು ಸರಿಯಾದ ಕೂಲಿಗೆ, ಊಟ ವಸತಿಯ ನೆಪದಲ್ಲಿ ಅದನ್ನು ಮುರಿಯದಿರುವುದಕ್ಕೆ. ಅಷ್ಟು ಕೊಡಲಾಗದ ಮನೆ ಕಡಿಮೆ ಗಂಟೆ ಕೇಳಲಿ. ಕೂಲಿಯನ್ನು ಇಳಿಸುವುದಕ್ಕಿಂತ ಕೆಲಸವನ್ನು ಇಳಿಸುವುದು ನ್ಯಾಯ.

ಕರಾರಿನ ಹಾಳೆಯಲ್ಲಿ ಕೊನೆಯದಾಗಿ ಒಂದು ಸಾಲು ಸೇರಬೇಕು, ಹೋಗುವ ದಿನದ್ದು. ಬಂದು ಹೋಗುವವರಿಗೆ ಕೆಲಸ ಹೋದರೆ ಸಂಬಳ ಹೋಯಿತು. ಮನೆಯಲ್ಲಿ ಉಳಿದವರಿಗೆ ಅದೇ ಗಳಿಗೆಯಲ್ಲಿ ತಲೆಯ ಮೇಲಿನ ಸೂರೂ ಹೋಗುತ್ತದೆ, ಗೊತ್ತಿಲ್ಲದ ಊರಿನಲ್ಲಿ. ಮಗು ಶಾಲೆಗೆ ಸೇರಿತು, ಅಜ್ಜಿ ತೀರಿಕೊಂಡರು, ಇನ್ನು ಬೇಡ ಎಂದಾದಾಗ ಬೇರೆ ಕೆಲಸ, ಬೇರೆ ಜಾಗ ಹುಡುಕಿಕೊಳ್ಳಲು ತಕ್ಕ ಮುನ್ಸೂಚನೆಯನ್ನೂ ಬಿಡುವನ್ನೂ ಕೊಡಬೇಕೆಂದು ಆ 201ನೇ ಶಿಫಾರಸೇ ಹೇಳುತ್ತದೆ. ಕನಿಷ್ಠ ಒಂದು ತಿಂಗಳ ಮುನ್ಸೂಚನೆ, ಬಾಕಿಯೆಲ್ಲ ಚುಕ್ತಾ, ಊರಿನ ತನಕ ಟಿಕೆಟ್ಟು, ಮುಂದಿನ ಮನೆಗೆ ತೋರಿಸಲು ಇಂಥಲ್ಲಿ ಇಷ್ಟು ವರ್ಷ ದುಡಿದರು ಎಂಬ ಒಂದು ಪತ್ರ. ಜಗಳವಾಡಿ ಹೊರಡುವಂತಾದರೂ ಕತ್ತಲಾದ ಮೇಲೆ ಚೀಲ ಹೊರಗಿಡಬಾರದೆಂದು ಆ ಸಾಲಿನಲ್ಲೇ ಬರೆದು, ಆಕೆ ಬರುವ ದಿನವೇ ಎರಡೂ ಕಡೆಯವರು ಸಹಿ ಹಾಕಿಟ್ಟುಕೊಳ್ಳಬೇಕು.